ಎಂಟು ಕೆಜಿ, ಫೈವ್ ಸ್ಟಾರ್ ಎಲ್ಲಾ ಸರಿ, ಎಷ್ಟು ನೀರಲ್ಲಿ ಜಾಲಿಸತ್ತೆ?

2025ರ ಸೆಪ್ಟೆಂಬರ್ 22ಕ್ಕೆ, ಅಂದ್ರೆ ನವರಾತ್ರಿ ಶುರುವಾದ ದಿನಾನೇ, ಹೊಸ ಜಿಎಸ್‌ಟಿ ದರ ಜಾರಿಗೆ ಬಂತು. ಏಸಿ, 32 ಇಂಚಿಗಿಂತ ದೊಡ್ಡ ಟಿವಿ, ಡಿಶ್ ವಾಷಿಂಗ್ ಮಷೀನ್ ಇವುಗಳ ತೆರಿಗೆ 28 ಪರ್ಸೆಂಟಿಂದ 18ಕ್ಕೆ ಇಳೀತು. ಪಟ್ಟೀಲಿ "ವಾಷಿಂಗ್ ಮಷೀನ್" ಅನ್ನೋ ಎರಡು ಪದ ಕಂಡಿದ್ದೇ ತಡ, ಬಟ್ಟೆ ಒಗೆಯೋ ಮಷೀನೂ ಹತ್ತು ಪರ್ಸೆಂಟ್ ಅಗ್ಗ ಆಯ್ತು ಅಂದ್ಕೊಂಡು ಅಂಗಡಿಗೆ ಹೋದೋರು ಬೇಕಾದಷ್ಟು ಜನ. ಅಲ್ಲಿ ಇಳಿದಿದ್ದು ಪಾತ್ರೆ ತೊಳೆಯೋ ಮಷೀನಿನ ತೆರಿಗೆ. ಮನೆ ಬಳಕೆಯ ಮಾಮೂಲಿ ಬಟ್ಟೆ ಮಷೀನಿನ ತೆರಿಗೆ 2018ರ ಜುಲೈ 27ಕ್ಕೇ 28ರಿಂದ 18ಕ್ಕೆ ಬಂದಾಗಿತ್ತು, 2025ರಲ್ಲಿ ಅದಕ್ಕೆ ಏನೂ ಆಗ್ಲಿಲ್ಲ.

ಹಾಗಾಗಿ ಹಬ್ಬದ ಸೇಲಲ್ಲಿ ಮಷೀನಿನ ಮೇಲೆ ಸಿಗೋ ಡಿಸ್ಕೌಂಟು ಅಂಗಡಿಯೋರದ್ದು ಇಲ್ಲಾ ಕಂಪನಿಯದ್ದು, ಸರ್ಕಾರದ್ದಲ್ಲ. ಹಬ್ಬದ ರಶ್ಶಲ್ಲಿ ಯಾವ ಮಾಡೆಲ್ ತಳ್ಳಬೇಕೋ ಅದರ ಮೇಲೆ ಡಿಸ್ಕೌಂಟ್ ಜಾಸ್ತಿ ಇರತ್ತೆ, ಅದು ನಿಮ್ಮ ಮನೆ ಬಟ್ಟೆಗೆ ಸರಿಹೋಗೋ ಮಾಡೆಲ್ಲೇ ಆಗಿರ್ಬೇಕು ಅಂತೇನಿಲ್ಲ. ಅಂಗಡೀಲಿ ಮಷೀನಿನ ಮುಂದೆ ನಿಂತಾಗ ಕಣ್ಣಿಗೆ ಬೀಳೋದು ಮೂರೇ ಮೂರು: ಕೆಜಿ, ಸ್ಟಾರ್, ಆರ್‌ಪಿಎಂ (ಹಿಂಡುವಾಗ ಡ್ರಮ್ಮು ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅನ್ನೋ ಅಂಕಿ). ಇವು ಮೂರೂ ಸುಳ್ಳಲ್ಲ. ಆದ್ರೆ ಸೋಪು ಪೂರ್ತಿ ಬಿಡತ್ತಾ ಅನ್ನೋದಕ್ಕೆ ಈ ಮೂರರಲ್ಲಿ ಒಂದೂ ಉತ್ತರ ಕೊಡಲ್ಲ, ಎಡವಟ್ಟಾಗೋದು ಇಲ್ಲೇ.

ಕೆಜಿ ಅಂದ್ರೆ ಯಾವ ಕೆಜಿ

8 ಕೆಜಿ ಅಂತ ಬರೆದಿದ್ರೆ ಅದು ಒಣ ಬಟ್ಟೆಯ ತೂಕ, ಅದೂ ಕಾಟನ್ ಬಟ್ಟೆದು. ಮಷೀನಿನ ಕೆಲಸ ಅಳೆಯೋಕೆ ಐಇಸಿ 60456 ಅಂತ ಒಂದು ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ಲ್ಯಾಬಲ್ಲಿ ಹಾಕೋದು ಕಾಟನ್ ಬೆಡ್‌ಶೀಟು, ದಿಂಬಿನ ಕವರು, ಟವೆಲು. ಇವನ್ನ ಅಚ್ಚುಕಟ್ಟಾಗಿ, ಹೇಳಿದ ಕ್ರಮದಲ್ಲೇ ತುಂಬ್ತಾರೆ. ಡ್ರಮ್ಮಲ್ಲಿ ಜಾಗ ಸರಿಯಾಗಿ ಹಂಚಿಹೋಗತ್ತೆ.

ನಮ್ಮ ಬುಟ್ಟೀಲಿ ಇರೋದು ಬೇರೆ. ಒಂದು ಜೀನ್ಸ್ ಪ್ಯಾಂಟ್ 600ರಿಂದ 800 ಗ್ರಾಂ, ಶರ್ಟು 200-250, ಸ್ನಾನದ ದಪ್ಪ ಟರ್ಕಿ ಟವೆಲು ಅರ್ಧ ಕೆಜಿ ಹತ್ರ, ಕಾಟನ್ ಸೀರೆ ಅರ್ಧ ಕೆಜಿ ಆಸುಪಾಸು, ಡಬಲ್ ಬೆಡ್‌ಶೀಟು ಮುಕ್ಕಾಲರಿಂದ ಒಂದು ಕೆಜಿ. ನಾಲ್ಕು ಜನರ ಮನೇಲಿ ದಿನದ ಬಟ್ಟೆ ಎಲ್ಲಾ ಸೇರಿಸಿದ್ರೂ ನಾಲ್ಕು ಕೆಜಿ ದಾಟೋದು ಕಷ್ಟ, ಎರಡು ದಿನಕ್ಕೊಮ್ಮೆ ಒಗೆದ್ರೆ ಏಳೋ ಎಂಟೋ ಆಗತ್ತೆ. ಅನುಮಾನ ಇದ್ರೆ ತೂಕ ನೋಡೋ ಮಷೀನ್ ಮೇಲೆ ಬಟ್ಟೆ ಮೂಟೆ ಹಿಡ್ಕೊಂಡು ಒಂದ್ಸಲ, ಬರೀ ನೀವು ಒಂದ್ಸಲ ನಿಂತು ಕಳೀರಿ, ಮುಗೀತು.

ಇನ್ನೊಂದು ವಿಷಯ ಸೇಲ್ಸ್‌ಮನ್ ಬಾಯಲ್ಲಿ ಬರೋದೇ ಅಪರೂಪ. 8 ಕೆಜಿ ಅನ್ನೋದು ಕಾಟನ್ ಪ್ರೋಗ್ರಾಮಿಗೆ ಮಾತ್ರ. ಸಿಂಥೆಟಿಕ್ ಪ್ರೋಗ್ರಾಮಲ್ಲಿ ಸುಮಾರು ಅರ್ಧಕ್ಕೆ ಇಳಿಯತ್ತೆ, ಉಲ್ಲನ್ ಅಥವಾ ಡೆಲಿಕೇಟಿಗೆ ಎರಡು ಕೆಜಿ ಆಚೀಚೆ. ಹದಿನೈದು ನಿಮಿಷದ ಕ್ವಿಕ್ ವಾಶ್ ಅಂತ ಇರತ್ತಲ್ಲ, ಅದು ಒಂದೆರಡು ಕೆಜಿ ಬೆವರು ಬಟ್ಟೆಗೆ ಮಾಡಿದ್ದು, ಅದಕ್ಕೆ ವಾರದ ಯೂನಿಫಾರ್ಮ್ ಎಲ್ಲಾ ತುರುಕಿ ಆಮೇಲೆ ಮಷೀನು ಸರಿ ಇಲ್ಲ ಅಂತ ಬೈದ್ರೆ ಅದೇನು ಮಾಡತ್ತೆ ಪಾಪ. ಇದೆಲ್ಲಾ ಮ್ಯಾನ್ಯುಯಲ್ ಒಳಗಡೆ ಒಂದು ಟೇಬಲ್ಲಲ್ಲಿ ಇರತ್ತೆ, ಡಬ್ಬದ ಮೇಲೆ ಇರಲ್ಲ.

ತುಂಬಾ ತುರುಕಿದ್ರೆ ಆಗೋದೇನು ಅಂದ್ರೆ, ಫ್ರಂಟ್ ಲೋಡಲ್ಲಿ ಬಟ್ಟೆ ಮೇಲಕ್ಕೆ ಹೋಗಿ ಕೆಳಕ್ಕೆ ಬೀಳ್ಬೇಕು, ಅದೇ ಅದರ ಒಗೆತ, ಕಲ್ಲಿಗೆ ಬಡಿಯೋದರ ಬದಲಿ ಅಂತ ಇಟ್ಕೊಳ್ಳಿ. ಬೀಳೋಕೆ ಜಾಗಾನೇ ಇಲ್ದಿದ್ರೆ ಬಟ್ಟೆಯ ಗಂಟು ಹಾಗೇ ಸುತ್ತತ್ತೆ, ನಡುಮಧ್ಯದ ಬಟ್ಟೆಗೆ ನೀರೂ ಸರಿಯಾಗಿ ಹೋಗಲ್ಲ, ಹೋದ ಸೋಪು ವಾಪಸ್ಸೂ ಬರಲ್ಲ. ತುಂಬಿದ ಮೇಲೆ ಒಂದು ಕೈ ನಿಲ್ಲಿಸಿ ತೂರಿಸೋಷ್ಟು ಜಾಗ ಇರ್ಬೇಕು ಅನ್ನೋದು ಇದಕ್ಕೇ. ತೀರಾ ಕಮ್ಮಿ ಹಾಕಿದ್ರೆ ಇನ್ನೊಂದು ತೊಂದರೆ: ಒಂದೇ ಒಂದು ನೆಂದ ರಗ್ಗು ಒಂದು ಕಡೆ ಕೂತು ಸ್ಪಿನ್ ಟೈಮಲ್ಲಿ ಮಷೀನು ಧಡ್ ಧಡ್ ಅಂತ ಕುಣಿಯತ್ತೆ, ಬ್ಯಾಲೆನ್ಸ್ ಆಗ್ಲಿಲ್ಲ ಅಂತ ವೇಗ ಇಳಿಸ್ಕೊಳ್ಳತ್ತೆ, ನೀರು ಪೂರ್ತಿ ಹಿಂಡದೇ ನಿಂತೂ ಬಿಡತ್ತೆ.

ಸ್ಟಾರ್ ಅಳೆಯೋದು ಏನನ್ನ

ಸ್ಟಾರ್ ಕೊಡೋದು ಬಿಇಇ, ಅಂದ್ರೆ ಕೇಂದ್ರ ಸರ್ಕಾರದ ಇಂಧನ ದಕ್ಷತೆ ಸಂಸ್ಥೆ. ಅದರ ಲೇಬಲ್ಲಲ್ಲಿ ಎರಡು ಅಂಕಿ ನೋಡ್ಬೇಕು, ಒಂದು ಸೈಕಲ್ಲಿಗೆ ಒಂದು ಕೆಜಿ ಬಟ್ಟೆಗೆ ಎಷ್ಟು ಯೂನಿಟ್ ಕರೆಂಟು, ಎಷ್ಟು ಲೀಟರ್ ನೀರು. ಇಲ್ಲಿ "ಒಂದು ಕೆಜಿಗೆ" ಅನ್ನೋದೇ ಕಿತಾಪತಿ. ಉದಾಹರಣೆಗೆ 8 ಕೆಜಿ ಮಷೀನು ಪೂರ್ತಿ ತುಂಬಿದಾಗ 80 ಲೀಟರ್ ಕುಡಿದ್ರೆ ಕೆಜಿಗೆ 10 ಲೀಟರ್. ಅದೇ ಮಷೀನಿಗೆ ನೀವು 3 ಕೆಜಿ ಹಾಕಿದ್ರಿ ಅನ್ನಿ, ನೀರು 30 ಲೀಟರಿಗೆ ಇಳಿಯಲ್ಲ, ಡ್ರಮ್ಮಿನ ತಳ, ಪೈಪು, ಬಟ್ಟೆ ನೆನೆಯೋಕೆ ಬೇಕಾದ ಕನಿಷ್ಠ ಮಟ್ಟ ಅಂತ ಇದ್ದೇ ಇರತ್ತಲ್ಲ, 50 ಲೀಟರ್ ತಗೊಂಡ್ರೂ ಕೆಜಿಗೆ 16 ಲೀಟರ್ ಮೇಲಾಯ್ತು. ಇಬ್ಬರೇ ಇರೋ ಮನೆಗೆ "ದೊಡ್ಡದಿರ್ಲಿ ಬಿಡಿ, ಯಾವತ್ತಾದ್ರೂ ಬೇಕಾಗತ್ತೆ" ಅಂತ 9 ಕೆಜಿ ತಗೊಂಡ್ರೆ ಸ್ಟಾರ್ ಐದಿದ್ರೂ ಬಿಲ್ಲಲ್ಲಿ ಅದು ಕಾಣಲ್ಲ.

ಟಾಪ್ ಲೋಡಿನ ಸ್ಟಾರನ್ನೂ ಫ್ರಂಟ್ ಲೋಡಿನ ಸ್ಟಾರನ್ನೂ ಪಕ್ಕಪಕ್ಕ ಇಟ್ಟು ಎಣಿಸ್ಬೇಡಿ, ಕೆಳಗಿರೋ ಯೂನಿಟ್ಟು ಲೀಟರ್ ಓದಿ. ಟಾಪ್ ಲೋಡ್ ಸಾಮಾನ್ಯವಾಗಿ ತಣ್ಣೀರಲ್ಲೇ ಒಗೆಯತ್ತೆ, ಕರೆಂಟು ಕಮ್ಮಿ, ನೀರು ಒಂದು ಸೈಕಲ್ಲಿಗೆ ನೂರು ಲೀಟರ್ ದಾಟೋದು ಮಾಮೂಲು. ಫ್ರಂಟ್ ಲೋಡಿಗೆ ನೀರು ಅದರ ಅರ್ಧ ಸಾಕು, ಆದ್ರೆ ಒಳಗೆ ಸುಮಾರು 2 ಕಿಲೋವ್ಯಾಟಿನ ಹೀಟರ್ ಇರತ್ತೆ. 15 ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಸುಮಾರು 0.6 ಯೂನಿಟ್ ಬೇಕು, 40ಕ್ಕೆ ನಿಲ್ಲಿಸಿದ್ರೆ ಕಾಲು ಯೂನಿಟ್ ಸಾಕು. ಗೃಹಜ್ಯೋತಿಯ ಸರಾಸರಿ ಲೆಕ್ಕದ ಅಂಚಲ್ಲಿರೋ ಮನೆಯೋರು ಇದನ್ನ ಗಮನಿಸ್ಬೇಕು, ವಾರಕ್ಕೆ ಮೂರು ಸಲ 60 ಡಿಗ್ರೀಲಿ ಒಗೆದ್ರೆ ಹೀಟರಿಗೇ ತಿಂಗಳಿಗೆ ಏಳು ಯೂನಿಟ್ ಮೇಲೆ ಹೋಗತ್ತೆ.

ಕೊಳೆ ಹೋಗೋದು ಹೇಗೆ

ಹರ್ಬರ್ಟ್ ಸಿನ್ನರ್ ಅಂತ ಜರ್ಮನಿಯ ಒಬ್ಬ ರಸಾಯನ ತಜ್ಞ 1959ರಲ್ಲಿ ಒಂದು ಸಿಂಪಲ್ ಚಿತ್ರ ಬರೆದ. ಒಗೆತಕ್ಕೆ ಬೇಕಾದ್ದು ನಾಲ್ಕು: ಸೋಪು, ಉಜ್ಜಾಟ, ಬಿಸಿ, ಸಮಯ. ಒಂದು ಕಮ್ಮಿ ಮಾಡಿದ್ರೆ ಇನ್ನೊಂದನ್ನ ಜಾಸ್ತಿ ಮಾಡ್ಬೇಕು, ಅಷ್ಟೇ. ಒಗೆಯೋ ಕಲ್ಲಲ್ಲಿ ಉಜ್ಜಾಟ ಜಾಸ್ತಿ, ಸಮಯ ಕಮ್ಮಿ. ಫ್ರಂಟ್ ಲೋಡಲ್ಲಿ ಉಜ್ಜಾಟ ನಯ, ಅದಕ್ಕೇ ಬಿಸಿ ಬೇಕು, ಎರಡೂವರೆ ಮೂರು ಗಂಟೆ ಬೇಕು. ಟಾಪ್ ಲೋಡಲ್ಲಿ ತಳದ ಚಕ್ರ ನೀರನ್ನ ತಿರುಗಿಸಿ ಬಟ್ಟೆ ಬಟ್ಟೆಗೆ ಉಜ್ಜತ್ತೆ, ಮುಕ್ಕಾಲು ಒಂದು ಗಂಟೇಲಿ ಮುಗಿಯತ್ತೆ, ಬಟ್ಟೆ ಸವೆಯೋದು, ಗಂಟಾಗೋದು ಸ್ವಲ್ಪ ಜಾಸ್ತಿ. "ಮೂರು ಗಂಟೆ ಓಡತ್ತೆ, ಕರೆಂಟು ಎಷ್ಟು ತಿನ್ನತ್ತೋ" ಅನ್ನೋ ಭಯ ಇದೆಯಲ್ಲ, ಅದು ಅರ್ಧ ತಪ್ಪು. ಮೋಟರು ತಿನ್ನೋದು ಕಮ್ಮಿ, ತಿನ್ನೋದು ಹೀಟರು. ಉದ್ದ ಇರೋ ಇಕೋ ಪ್ರೋಗ್ರಾಮು ಬಿಸಿ ಇಳಿಸಿ ಸಮಯ ಏರಿಸಿರೋದ್ರಿಂದಾನೇ ಕರೆಂಟು ಉಳಿಯೋದು.

ಲ್ಯಾಬಲ್ಲಿ ಕೊಳೆ ಹೋಗಿದ್ದು ಅಳೆಯೋಕೆ ಮೊದಲೇ ಕಲೆ ಮಾಡಿದ ಬಟ್ಟೆ ಪಟ್ಟಿಗಳನ್ನ ಬೆಡ್‌ಶೀಟಿನ ಜೊತೆ ಹಾಕ್ತಾರೆ, ರಕ್ತ, ಕೋಕೋ, ರೆಡ್ ವೈನು, ಮಸಿ-ಎಣ್ಣೆ, ಮೈಜಿಡ್ಡು. ಒಗೆದಾದ ಮೇಲೆ ಪಟ್ಟಿ ಮೇಲೆ ಬೆಳಕು ಬಿಟ್ಟು ಎಷ್ಟು ವಾಪಸ್ ಬರತ್ತೆ ಅಂತ ನೋಡ್ತಾರೆ. ಈ ಪಟ್ಟೀಲಿ ಸಾಂಬಾರಿಲ್ಲ, ತೆಂಗಿನೆಣ್ಣೆ ಇಲ್ಲ, ಮಳೆಗಾಲದ ಕೆಮ್ಮಣ್ಣು ಇಲ್ಲ. ಅರಿಶಿನ ಅಂತೂ ಬೇರೇನೇ ಕಥೆ, ಸೋಪು ಬಿದ್ದ ತಕ್ಷಣ ಹಳದಿ ಕಲೆ ಕೆಂಪಗಾಗತ್ತೆ, ಯಾಕಂದ್ರೆ ಸೋಪಿನ ಕ್ಷಾರ ತಾಗಿದ್ರೆ ಅದು ಬಣ್ಣ ಬದಲಿಸತ್ತೆ, 60 ಡಿಗ್ರೀಲಿ ಒಗೆದ್ರೂ ಪೂರ್ತಿ ಹೋಗಲ್ಲ. ಎರಡು ದಿನ ಬಿಸಿಲಲ್ಲಿ ಹಾಕಿದ್ರೆ ತಾನೇ ಮಂಕಾಗತ್ತೆ. ಆ ಕೆಲಸ ಯಾವ ಫೈವ್ ಸ್ಟಾರ್ ಮಷೀನಿಂದಲೂ ಆಗಲ್ಲ, ತಂತೀದು ಮತ್ತೆ ಸೂರ್ಯಂದು.

ಎರಡು ನೀರು, ಮೂರು ನೀರು

ಬಟ್ಟೆಯನ್ನ ಎರಡು ನೀರಲ್ಲಿ ಜಾಲಿಸು, ಮೂರು ನೀರಲ್ಲಿ ಜಾಲಿಸು ಅಂತ ಮನೇಲಿ ಹೇಳ್ತಿದ್ರಲ್ಲ, ಒಂದೇ ದೊಡ್ಡ ಹಂಡೇಲಿ ಒಂದೇ ಸಲ ಮುಳುಗಿಸು ಅಂತ ಹೇಳ್ತಿರಲಿಲ್ಲ. ಅದರ ಹಿಂದೆ ಸರಿಯಾದ ಗಣಿತ ಇದೆ.

ಸೋಪು ನೀರು ಬಿಟ್ಟ ಮೇಲೂ ಒಂದು ಲೋಡ್ ಬಟ್ಟೆ 10 ಲೀಟರ್ ಸೋಪು ನೀರನ್ನ ಹಿಡ್ಕೊಂಡಿದೆ ಅಂದ್ಕೊಳ್ಳಿ. ಅದಕ್ಕೆ 60 ಲೀಟರ್ ಒಳ್ಳೇ ನೀರು ಒಂದೇ ಸಲ ಸುರಿದ್ರೆ ಸೋಪು 70ರಲ್ಲಿ 10, ಅಂದ್ರೆ ಏಳನೇ ಒಂದು ಪಾಲು ಉಳೀತು, 14 ಪರ್ಸೆಂಟ್. ಅದೇ 60 ಲೀಟರನ್ನ ಇಪ್ಪತ್ತಿಪ್ಪತ್ತರ ಹಾಗೆ ಮೂರು ಸಲ ಹಾಕಿ ಬಿಟ್ರೆ, ಪ್ರತಿ ಸಲ ಮೂರನೇ ಒಂದು ಪಾಲು ಉಳಿಯತ್ತೆ, ಮೂರು ಸಲಕ್ಕೆ 27ನೇ ಒಂದು ಪಾಲು, ನಾಲ್ಕು ಪರ್ಸೆಂಟೂ ಇಲ್ಲ. ನೀರು ಅಷ್ಟೇ, ಉಳಿದ ಸೋಪು ಕಾಲು ಭಾಗಕ್ಕೆ ಇಳೀತು. ಈಗ ಪ್ರತಿ ಸಲ ಜಾಲಿಸೋ ಮುಂಚೆ ಚೆನ್ನಾಗಿ ಹಿಂಡಿ, ಬಟ್ಟೇಲಿ 4 ಲೀಟರ್ ಮಾತ್ರ ಉಳಿಯೋ ಹಾಗೆ ಮಾಡಿ, 16 ಲೀಟರ್ ಹಾಕಿ ಅಂದ್ರೆ, ಪ್ರತಿ ಸಲ ಐದನೇ ಒಂದು ಪಾಲು, ಮೂರು ಸಲಕ್ಕೆ 125ನೇ ಒಂದು ಪಾಲು. ನೀರು ಖರ್ಚಾಗಿದ್ದು 48 ಲೀಟರ್, ಉಳಿದ ಸೋಪು ಒಂದು ಪರ್ಸೆಂಟಿಗಿಂತ ಕಮ್ಮಿ. ನಿಜವಾದ ಬಟ್ಟೆ ಈ ಲೆಕ್ಕದಷ್ಟು ವಿಧೇಯ ಅಲ್ಲ, ನೂಲಿಗೆ ಸೋಪು ಅಂಟ್ಕೊಂಡಿರತ್ತೆ, ಮಡಿಕೇಲಿ ನೀರು ಓಡಾಡಲ್ಲ, ಆದ್ರೂ ದಿಕ್ಕು ಇದೇ.

ಹಾಗಾಗಿ ಕಮ್ಮಿ ನೀರು ಕುಡಿಯೋ ಮಷೀನು ಕೆಟ್ಟದಾಗೇ ಜಾಲಿಸತ್ತೆ ಅನ್ನೋದೂ ತಪ್ಪು, ಜಾಸ್ತಿ ನೀರು ಇದ್ರೆ ಸಾಕು ಅನ್ನೋದೂ ತಪ್ಪು. ಎಷ್ಟು ಸಲ ಜಾಲಿಸತ್ತೆ, ನಡುವೆ ಎಷ್ಟು ಜೋರಾಗಿ ಹಿಂಡತ್ತೆ, ಇವೆರಡು ಮುಖ್ಯ. ಆರ್‌ಪಿಎಂ ಬರೀ ಒಣಗಿಸೋಕೆ ಅಂತ ತಿಳ್ಕೊಂಡಿರ್ತೀವಿ, ಮಧ್ಯ ಮಧ್ಯ ಹಿಂಡೋ ಮಷೀನಲ್ಲಿ ಅದು ಸೋಪು ತೆಗೆಯೋ ಕೆಲಸಾನೂ ಮಾಡತ್ತೆ. ಕರಾವಳಿ ಮಲೆನಾಡಿನ ಮಳೆಗಾಲಕ್ಕೆ ಅದು ಒಣಗಿಸೋದಕ್ಕೂ ಬೇಕು ಬಿಡಿ, 1400ರಲ್ಲಿ ಹಿಂಡಿದ ಬಟ್ಟೇಲಿ ಅದರ ತೂಕದ ಸುಮಾರು ಅರ್ಧದಷ್ಟು ನೀರು ಉಳಿದ್ರೆ 800ರಲ್ಲಿ ಮುಕ್ಕಾಲಿನ ಹತ್ರ ಉಳಿಯತ್ತೆ.

ಈ ಲೆಕ್ಕ ಕೆಡೋದು ಪುಡಿ ಜಾಸ್ತಿಯಾದಾಗ. ನೊರೆ ಡ್ರಮ್ಮಿಗೂ ಹೊರಗಿನ ತೊಟ್ಟಿಗೂ ಮಧ್ಯ ಸಿಕ್ಕಿಕೊಂಡು ಡ್ರಮ್ಮು ತಿರುಗೋಕೇ ಬಿಡಲ್ಲ, ಮಷೀನು ವೇಗ ಇಳಿಸತ್ತೆ, ಹಿಂಡೋದು ಅರೆಬರೆ, ಬಟ್ಟೇಲಿ 4 ಲೀಟರ್ ಬದಲು 8 ಲೀಟರ್ ಸೋಪು ನೀರು ಉಳಿಯತ್ತೆ, ಅಲ್ಲಿಗೆ ಮೂರೂ ಜಾಲಾಟ ವೇಸ್ಟು. ಫ್ರಂಟ್ ಲೋಡಿಗೆ ಬಕೆಟ್ಟಲ್ಲಿ ನೆನೆಸಿ ಒಗೆಯೋ ಪುಡಿ ಹಾಕ್ಬೇಡಿ ಅನ್ನೋದು ಬರೀ ಕಂಪನಿಯ ವ್ಯಾಪಾರದ ಮಾತಲ್ಲ.

ಸೆಮಿ ಆಟೊಮ್ಯಾಟಿಕ್ ಅಂದ್ರೆ ಮೂಗು ಮುರಿಯೋರಿದ್ದಾರೆ. ಆದ್ರೆ ಅದರಲ್ಲಿ ಜಾಲಾಟದ ಲಗಾಮು ನಿಮ್ಮ ಕೈಲಿರತ್ತೆ, ನೊರೆ ನಿಂತ ಮೇಲೆ ನಿಲ್ಲಿಸಬಹುದು, ಹಿಂಡಿ ಮತ್ತೆ ಹಾಕಬಹುದು, ಕೊನೆಯ ಜಾಲಾಟದ ನೀರನ್ನ ಮುಂದಿನ ಲೋಡಿನ ಮೊದಲ ನೀರಾಗಿ ಬಳಸಬಹುದು. ವಾರಕ್ಕೆರಡು ದಿನ ನಲ್ಲಿ ಬರೋ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಬೆಲೆ ಅಂದ್ರೆ ಒಂದು ಗಂಟೆ ಪಕ್ಕದಲ್ಲೇ ನಿಂತಿರ್ಬೇಕು, ಮತ್ತೆ ಆ ನಿಲ್ಲೋರು ಸಾಮಾನ್ಯವಾಗಿ ಮನೆಯ ಹೆಂಗಸರೇ.

ನೀರು ಗಡಸಾದ್ರೆ

ಕುಡಿಯೋ ನೀರಿನ ಐಎಸ್ 10500 ಸ್ಟ್ಯಾಂಡರ್ಡಿನ ಪ್ರಕಾರ ಗಡಸುತನ, ಅಂದ್ರೆ ನೀರಲ್ಲಿ ಕರಗಿರೋ ಸುಣ್ಣದಂಥ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ನಡೆಯತ್ತೆ. ಬೋರ್‌ವೆಲ್ ನಂಬಿರೋ ಕೋಲಾರದ ಕಡೆ, ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟಲ್ಲಿ ಸೋಪು ನೊರೆ ಬರದೇ ಇರೋದು, ಬಕೆಟ್ಟಿಗೆ ಬಿಳಿ ಪದರ ಕಟ್ಟೋದು ದಿನಾ ಕಾಣೋ ಸಂಗತಿ. ಸೋಪಿನ ಒಂದಷ್ಟು ಭಾಗ ಆ ಸುಣ್ಣದ ಅಂಶದ ಜೊತೆ ಸೇರಿ ಕೆಲಸಕ್ಕೆ ಬಾರದ ಹಾಗಾಗತ್ತೆ, ಕೊಳೆ ಹೋಗ್ಲಿಲ್ಲ ಅಂತ ನಾವು ಇನ್ನೊಂದು ಸ್ಪೂನ್ ಹಾಕ್ತೀವಿ, ಹಾಕಿದಷ್ಟೂ ಜಾಲಿಸೋಕೆ ಜಾಸ್ತಿ ಬೇಕು. ಕಪ್ಪು ಬಟ್ಟೆ ಮೇಲೆ ಬಿಳಿ ಬಿಳಿ ಗೆರೆ, ಟವೆಲು ಹಪ್ಪಳದ ಹಾಗೆ ಗಟ್ಟಿ, ಬಿಳಿ ಬನಿಯನ್ನು ಬೂದಿ ಬಣ್ಣ, ಇವುಗಳ ಹಿಂದೆ ಹೆಚ್ಚಾಗಿ ಇದೇ ಇರತ್ತೆ. ಮಂಗಳೂರು, ಉಡುಪಿ, ಮಲೆನಾಡಿನ ಬಾವಿ ನೀರು ಮೆತ್ತಗಿರತ್ತೆ, ಅಲ್ಲಿ ಪ್ಯಾಕೆಟ್ ಮೇಲೆ ಬರೆದಿದ್ದರ ಅರ್ಧ ಪುಡಿ ಸಾಕಾಗೋದು ಉಂಟು, ಬೆಂಗಳೂರಿನ ಅಳತೇಲೇ ಹಾಕಿದ್ರೆ ನೊರೆಯೋ ನೊರೆ. ಒಂದೇ ಮಾಡೆಲ್ಲಿಗೆ ಒಬ್ಬರು ಐದು ಸ್ಟಾರ್ ರಿವ್ಯೂ, ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟಿರ್ತಾರಲ್ಲ, ಎಷ್ಟೋ ಸಲ ಅವರು ರಿವ್ಯೂ ಮಾಡ್ತಿರೋದು ಅವರವರ ಊರಿನ ನೀರನ್ನ.

ನೀರಿನ ಒತ್ತಡಾನೂ ನೋಡ್ಕೊಳ್ಳಿ. ಟ್ಯಾಂಕು ನಲ್ಲಿಗಿಂತ 10 ಮೀಟರ್ ಮೇಲಿದ್ರೆ ಸುಮಾರು 1 ಬಾರ್ ಒತ್ತಡ, 3 ಮೀಟರ್ ಇದ್ರೆ 0.3 ಬಾರ್. ಒಂದೇ ಅಂತಸ್ತಿನ ಮನೇಲಿ ತಾರಸಿ ಮೇಲೇ ಟ್ಯಾಂಕ್ ಕೂರಿಸಿದ್ರೆ ಎಷ್ಟೋ ಮಷೀನುಗಳಿಗೆ ಅದು ಅಂಚಿನ ಮೇಲಿನ ಲೆಕ್ಕ, ನೀರು ತುಂಬೋಕೆ ಟೈಮ್ ಮೀರಿ ಎರರ್ ತೋರಿಸತ್ತೆ.

ಎರಡು ಕಡೆಯ ವಾದ

ನೀರು ಕರೆಂಟು ಉಳಿಸ್ಲೇಬೇಕು, ಲೇಬಲ್ ಬಿಗಿ ಮಾಡಿದ್ರೇನೇ ಕಂಪನಿಗಳು ಸುಧಾರಿಸೋದು ಅನ್ನೋದು ಒಂದು ವಾದ. 2024ರ ಬೇಸಿಗೇಲಿ ಬೆಂಗಳೂರು ನೋಡಿದೋರಿಗೆ ಇದನ್ನ ಒಪ್ಪಿಸೋ ಅಗತ್ಯ ಇಲ್ಲ. ಇನ್ನೊಂದು ವಾದ ಅಮೆರಿಕದಲ್ಲಿ ಜೋರು: ಲೀಟರ್ ಇಳಿಸೀ ಇಳಿಸೀ ಒಗೆತಾನೇ ಕೆಡಿಸಿಬಿಟ್ರಿ ಅಂತ. ಇದು ಬರೀ ರಾಜಕೀಯ ಅಲ್ಲ, ಅಲ್ಲಿ ಇಂಧನ ನಿಯಮ ಬಿಗಿಯಾದ ಮೇಲೆ 2007ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನೋ ಗ್ರಾಹಕರ ಪತ್ರಿಕೆ ಪರೀಕ್ಷೆ ಮಾಡಿದಾಗ ಕೆಲವು ಟಾಪ್ ಲೋಡ್ ಮಷೀನುಗಳು ಕಲೆ ತೆಗೆಯೋದ್ರಲ್ಲಿ ತೀರಾ ಕಳಪೆ ಅಂತ ಬಂದಿತ್ತು, ಅದೇ ಪರೀಕ್ಷೇಲಿ ಒಳ್ಳೇ ಫ್ರಂಟ್ ಲೋಡುಗಳು ಪಾಸಾಗಿದ್ವು. 2025ರ ಜನವರೀಲಿ ಟ್ರಂಪ್ ಅಧಿಕಾರಕ್ಕೆ ಬಂದ ದಿನ ಸಹಿ ಹಾಕಿದ ಆದೇಶದಲ್ಲೂ ವಾಷಿಂಗ್ ಮಷೀನು ಆರಿಸ್ಕೊಳ್ಳೋ ಸ್ವಾತಂತ್ರ್ಯದ ಮಾತು ಬಂತು, ಮೇ ತಿಂಗಳಲ್ಲಿ ನೀರಿನ ಮಿತಿಗಳನ್ನ ಕಿತ್ತುಹಾಕೋ ಪ್ರಸ್ತಾವನೇನೂ ಬಂತು.

ಯುರೋಪು ಮಧ್ಯದ ದಾರಿ ಹಿಡೀತು. 2021ರ ಮಾರ್ಚ್ 1ರಿಂದ ಎಯಿಂದ ಜಿ ತನಕದ ಹೊಸ ಲೇಬಲ್, ಪೂರ್ತಿ ಲೋಡು, ಅರ್ಧ, ಕಾಲು ಹೀಗೆ ಮೂರು ಥರ ತುಂಬಿ ಪರೀಕ್ಷೆ. ಜೊತೆಗೆ ಒಂದು ಬೇಲಿ ಹಾಕಿದ್ರು: ಒಗೆತದ ಅಂಕ (ಲ್ಯಾಬಿನ ಒಂದು ಮಾದರಿ ಮಷೀನಿಗೆ ಹೋಲಿಸಿ ಕೊಡೋದು) 1.03ಕ್ಕಿಂತ ಮೇಲಿರ್ಬೇಕು, ಜಾಲಿಸಿದ ಮೇಲೆ ಒಂದು ಕೆಜಿ ಬಟ್ಟೇಲಿ ಉಳಿಯೋ ಸೋಪು 5 ಗ್ರಾಂ ದಾಟಬಾರದು. ಅಂದ್ರೆ ನೀರು ಉಳಿಸು, ಆದ್ರೆ ಜಾಲಾಟ ಕದ್ದು ಉಳಿಸ್ಬೇಡ ಅಂತ. ಈ ಅಂಕಿಗಳು ಅಲ್ಲಿನ ಪ್ರಾಡಕ್ಟ್ ಶೀಟಲ್ಲಿ ಯಾರು ಬೇಕಾದ್ರೂ ಓದೋ ಹಾಗೆ ಇರತ್ತೆ. ನಮ್ಮಲ್ಲಿ ಬಾಗಿಲ ಮೇಲೆ ಅಂಟಿಸಿರೋ ಲೇಬಲ್ ಓದಿದ್ರೆ ಯೂನಿಟ್ಟು ಲೀಟರ್ ಗೊತ್ತಾಗತ್ತೆ, ಬಟ್ಟೇಲಿ ಉಳಿದ ಸೋಪು ಗೊತ್ತಾಗಲ್ಲ.

ಇದು ಹೀಗೇ ಮುಂದುವರಿದ್ರೆ ಆಗೋದು ಊಹಿಸೋಕೆ ಕಷ್ಟ ಇಲ್ಲ. ಕಣ್ಣಿಗೆ ಕಾಣೋ ಅಂಕಿಗೆ ಕಂಪನಿಗಳು ಪೈಪೋಟಿ ಮಾಡ್ತಾವೆ, ಕಾಣದ್ದಕ್ಕೆ ಮಾಡಲ್ಲ. ಕೆಜಿ ದೊಡ್ಡದಾಗ್ತಾ ಹೋಗತ್ತೆ, ಲೀಟರ್ ಇಳೀತಾ ಹೋಗತ್ತೆ, ಜಾಲಾಟ ಒಂದು ಕಮ್ಮಿಯಾದ್ರೆ ಅಂಗಡೀಲಿ ಯಾರಿಗೂ ಗೊತ್ತಾಗಲ್ಲ. ಮನೇಲಿ ಮಗುವಿನ ಮೈ ಕೆರೆತ ಶುರುವಾದ ಮೇಲೆ ಗೊತ್ತಾಗಬಹುದು, ಆಗ್ಲೂ ದೂರೋದು ಸೋಪಿನ ಪುಡೀನ.

ಇನ್ನೊಂದು ಜಾಲಾಟಕ್ಕೆ ಎಷ್ಟು ಖರ್ಚು

ಎಕ್ಸ್‌ಟ್ರಾ ರಿನ್ಸ್ ಬಟನ್ ಇದ್ರೂ ನೀರಿನ ಭಯಕ್ಕೆ ಒತ್ತಲ್ಲ ಅನ್ನೋರಿಗೆ ಒಂದು ಲೆಕ್ಕ. 2024ರಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿದಾಗ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಇತ್ತು, ಜಿಎಸ್‌ಟಿ ಬೇರೆ. ಲೀಟರಿಗೆ 10 ಪೈಸೆ. ಫ್ರಂಟ್ ಲೋಡಿನ ಒಂದು ಜಾಲಾಟಕ್ಕೆ 20 ಲೀಟರ್ ಅಂದ್ರೂ 2 ರೂಪಾಯಿ, ಅಂಥ ಬರಗಾಲದಲ್ಲೂ. 2025ರ ಏಪ್ರಿಲಲ್ಲಿ ಜಲಮಂಡಳಿ 2014 ಆದಮೇಲೆ ಮೊದಲ ಸಲ ದರ ಏರಿಸಿದ ಮೇಲೂ ಕಾವೇರಿ ನೀರಿಗೆ ಅಷ್ಟೂ ಆಗಲ್ಲ. ಟಾಪ್ ಲೋಡಲ್ಲಿ ಒಂದು ಜಾಲಾಟಕ್ಕೆ 40-50 ಲೀಟರ್ ಹಿಡಿಯತ್ತೆ, ಅಲ್ಲಿ ಯೋಚನೆ ಮಾಡಿ ಒತ್ತಿ.

ಅಂಗಡೀಲಿ ಕೇಳೋದಾದ್ರೆ ಮೋಟರಿನ ವಾರಂಟಿ ಹತ್ತು ವರ್ಷಾನಾ ಅನ್ನೋದಕ್ಕಿಂತ ಮೊದಲು ಇವನ್ನ ಕೇಳಿ: ಕಾಟನ್ ಪ್ರೋಗ್ರಾಮಲ್ಲಿ ಎಷ್ಟು ಸಲ ಜಾಲಿಸತ್ತೆ, ಅದನ್ನ ಹೆಚ್ಚಿಸೋ ಬಟನ್ ಇದೆಯಾ, ಅದು ಎಲ್ಲಾ ಪ್ರೋಗ್ರಾಮಲ್ಲೂ ಕೆಲಸ ಮಾಡತ್ತಾ ಇಲ್ಲಾ ಎರಡರಲ್ಲಿ ಮಾತ್ರನಾ, ಡ್ರಮ್ಮು ಎಷ್ಟು ಲೀಟರಿಂದು. ಕೊನೇದು ಮುಖ್ಯ, ಎರಡು ಮಾಡೆಲ್ ಮೇಲೂ 8 ಕೆಜಿ ಅಂತಾನೇ ಇದ್ರೂ ಡ್ರಮ್ಮಿನ ಅಳತೆ ಒಂದೇ ಇರ್ಬೇಕು ಅಂತಿಲ್ಲ, ಒಳಗೆ ಜಾಗ ಜಾಸ್ತಿ ಇದ್ದಷ್ಟೂ ಬಟ್ಟೆ ಬಿದ್ದು ಏಳೋಕೆ ಅನುಕೂಲ. ಸೇಲ್ಸ್‌ಮನ್‌ಗೆ ಗೊತ್ತಿಲ್ದಿದ್ರೆ ಮಾಡೆಲ್ ನಂಬರ್ ಹಾಕಿ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡ್ಕೊಂಡು ಕೊನೆಯ ಪುಟಗಳ ಟೇಬಲ್ ನೋಡಿ.

ಮನೇಲಿರೋ ಮಷೀನಿಗೆ ಪರೀಕ್ಷೆ ಇನ್ನೂ ಸುಲಭ. ಸೈಕಲ್ ಮುಗಿದ ಮೇಲೆ ಒಂದು ದಪ್ಪ ಟವೆಲನ್ನ ತಿಳಿ ಬಣ್ಣದ ಬಕೆಟ್ಟಿನ ಒಳ್ಳೇ ನೀರಲ್ಲಿ ಹಾಕಿ ಎರಡು ಮೂರು ಸಲ ಹಿಂಡಿ. ನೀರು ಹಾಲಿನ ಥರ ಆಗಿ ನೊರೆ ಎದ್ರೆ ಮೊದಲು ಪುಡಿ ಕಾಲು ಭಾಗ ಕಮ್ಮಿ ಮಾಡಿ, ಬಟ್ಟೇನೂ ಒಂದೆರಡು ಕಮ್ಮಿ ತುಂಬಿ. ನಾಲ್ಕೈದು ಒಗೆತ ಕಳೆದ್ರೂ ನೊರೆ ಬರ್ತಾನೇ ಇದ್ರೆ ಆಗ ಆ ಎರಡು ರೂಪಾಯಿ ಬಟನ್ ಒತ್ತಿ.